ಮರಸೇಬು ಮಾಗಿಸಿದ ಮಹಾಪುರುಷ

"ಅಮಾವಾಸ್ಯೆ ಹೊತ್ತಿಗೆ ಈ ಮನೇಲಿ ಒಂದೇ ಒಂದು ಕಾಯಿ ಉಳೀಬಾರ್ದು! ಅಷ್ಟನ್ನೂ ಹಣ್ಣು ಮಾಡೇ ತೀರ್ತೀನಿ!"

ಹೀಗೆಂದು ನಾನು ಕಗ್ಗದಾಸಪುರದ ನಮ್ಮ ಹಿತ್ತಿಲಲ್ಲಿ ನಿಂತು ಮಗಳು ಮೋನಿಷಾಳ ಎದುರು ಘೋರ ಪ್ರತಿಜ್ಞೆ ಮಾಡಿದೆ. ತಂತಿಗೆ ತಾಗುತ್ತದೆಂದು ಕರೆಂಟಿನವರು ಬಂದು ಮರಸೇಬಿನ ಮರದ ಕೊಂಬೆಗಳನ್ನೆಲ್ಲ ಕಡಿದು ಹೋಗಿದ್ದರು. ಹಿತ್ತಿಲ ತುಂಬ ಕಾಯಿಯೋ ಕಾಯಿ! ಒಂದೊಂದೂ ಎಷ್ಟು ಗಟ್ಟಿ ಎಂದರೆ, ಹಿಡಿದು ಗೋಡೆಗೆ ಮೊಳೆ ಹೊಡೆಯಬಹುದಿತ್ತು.

"ಅಪ್ಪಾ, ಒಂದಷ್ಟು ಹಾಗೇ ಇರ್ಲಿ" ಎಂದಳು ಮೋನಿಷಾ.

"ನಿಂಗೆ ಗೊತ್ತಾಗಲ್ಲ, ಸುಮ್ನಿರು!"

ನನ್ನ ಹಟಕ್ಕೆ ಕಾರಣವಿತ್ತು. ನನ್ನ ಹೆಂಡತಿ ಮುನಿಲಕ್ಷ್ಮಿ ಹೋದ ವರ್ಷ ದಸರಾ ಮುಗಿಯುತ್ತಿದ್ದಂತೆ ತೀರಿಕೊಂಡಳು. ಮಹಾಲಯ ಅಮಾವಾಸ್ಯೆಗೆ, ತೀರಿಕೊಂಡವರಿಗೆ ಇಷ್ಟವಾಗಿದ್ದನ್ನೆಲ್ಲ ಎಡೆ ಇಡುವುದು ನಮ್ಮ ಪದ್ಧತಿ. ಇದು ಅವಳ ಮೊದಲ ಎಡೆ. ಮರಸೇಬಿನ ಕಾಲದಲ್ಲಿ ಅವಳು ಮಾಗಿದ ಹಣ್ಣುಗಳನ್ನೆಲ್ಲ ಹೆಚ್ಚಿ ನನ್ನ ಮುಂದಿಟ್ಟು, ತಾನು ಹಿತ್ತಿಲ ಬಾಗಿಲಲ್ಲಿ ಕೂತು ಕಟಕಟ ಎಂದು ಕಾಯಿ ಕಡಿಯುತ್ತಿದ್ದಳು. "ನೀನೂ ಹಣ್ಣು ತಿನ್ನೇ" ಎಂದರೆ "ನಂಗೆ ಇದೇ ಇಷ್ಟ ರೀ" ಎನ್ನುತ್ತಿದ್ದಳು.

ಎಂಥ ತ್ಯಾಗ! ಅವಳು ಹೋದ ಮೇಲೆ ಅದನ್ನು ನೆನೆನೆನೆದು ಅತ್ತಿದ್ದೇನೆ. ಈ ಸಲ ಎಡೆಯಲ್ಲಿ ಮಾಗಿದ ಹಣ್ಣಿನ ರಾಶಿಯನ್ನೇ ಇಟ್ಟು ಅವಳ ಋಣ ತೀರಿಸುವುದೆಂದು ನಿಶ್ಚಯಿಸಿದೆ.

ಮೊದಲು ಕಾಯಿಗಳನ್ನು ಅಕ್ಕಿ ಡ್ರಮ್ಮಿನಲ್ಲಿ ಹೂತೆ. ಅನ್ನಕ್ಕಿಡಲು ಹೋದಾಗಲೆಲ್ಲ ಮೋನಿಷಾ ಅಕ್ಕಿಗಾಗಿ ಮರಸೇಬು ಅಗೆಯಬೇಕಾಯಿತು. ಕಾಯಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ! ಆಗ ನನಗೆ ನಮ್ಮ ತಾತ ಬಾಳೆಗೊನೆಗೆ ಹೊಗೆ ಹಾಕುತ್ತಿದ್ದುದು ನೆನಪಾಯಿತು. ಕಾಯಿಗಳನ್ನೆಲ್ಲ ಬಚ್ಚಲಿಗೆ ಸಾಗಿಸಿ, ಕೆಂಡದ ಮೇಲೆ ಸಾಂಬ್ರಾಣಿ ಸುರಿದು, ಬಾಗಿಲು ಎಳೆದುಕೊಂಡು ಬಂದು ಸೋಫಾದ ಮೇಲೆ ವಿರಾಜಮಾನನಾದೆ.

ಹೊಗೆ ಕಿಟಕಿಯಿಂದ ಹೊರಬಿದ್ದು ಮಹಡಿಗೇರಿತು. ಮಹಡಿಯ ಬಾಡಿಗೆದಾರ ಸುನಿಲ್ ಬನಿಯನ್ನಿನಲ್ಲೇ ಬಕೆಟ್ ಹಿಡಿದು ಓಡಿ ಬಂದ.

"ಬೆಂಕಿ! ಸಾರ್, ಬೆಂಕಿ! ಹೊರಗಡೆ ಬನ್ನಿ!"

"ಬೆಂಕಿ ಅಲ್ಲ ಕಣಪ್ಪಾ, ಮರಸೇಬು!"

ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಬಚ್ಚಲ ಬಾಗಿಲು ಒದ್ದು ನೀರು ಎರಚಿದ. ಅರ್ಧ ಕೆಂಡಕ್ಕೆ, ಅರ್ಧ ತಡೆಯಲು ಹೋದ ನನಗೆ! ನೀರಿನ ಜೊತೆ ಹೊರಟ ಕಾಯಿಗಳು ನಡುಮನೆಯುದ್ದಕ್ಕೂ ಉರುಳಿ, ಮುನಿಲಕ್ಷ್ಮಿಯ ಫೋಟೊದ ಕೆಳಗೆ ಹೋಗಿ ನಿಂತವು. ಫೋಟೊದಲ್ಲಿ ಅವಳು ನಗುತ್ತಿದ್ದಳು. ಬದುಕಿದ್ದಿದ್ದರೆ ನನ್ನ ಏಳು ಜನ್ಮ ಜಾಲಾಡಿಬಿಡುತ್ತಿದ್ದಳು. ಬೈಯುವವರು ಇಲ್ಲದ ಮನೆಯಲ್ಲಿ ನೆಲ ಒರೆಸುವುದು ಬಹಳ ಕಷ್ಟ.

ಅಕ್ಕಿ ಕೆಲಸ ಮಾಡಿತೋ, ಹೊಗೆಯೋ, ಸುನಿಲನ ನೀರೋ, ಅಮಾವಾಸ್ಯೆಯ ಹೊತ್ತಿಗೆ ಅಷ್ಟೂ ಹಳದಿಯಾದವು. ಮುಟ್ಟಿದರೆ ಬೆರಳು ಒಳಗೆ ಹೋಗುತ್ತಿತ್ತು. ಗೆದ್ದೆ!

ಹಬ್ಬದ ಬೆಳಿಗ್ಗೆ ಕೆ.ಆರ್. ಪುರದಿಂದ ನಮ್ಮ ಅತ್ತೆ ಚಿಕ್ಕಮುನಿಯಮ್ಮ ಬಂದು ಕೋಳಿಸಾರು, ವಡೆ, ಕಜ್ಜಾಯ ಮಾಡಿದರು. ನನ್ನ ಪಾಲಿನದು ಉಪ್ಪಿಟ್ಟು. ಪ್ರತಿ ಭಾನುವಾರ ನಾನೇ ಮಾಡುತ್ತಿದ್ದ, ಮುನಿಲಕ್ಷ್ಮಿ ಒಂದು ಕಾಳೂ ಬಿಡದೆ ತಿನ್ನುತ್ತಿದ್ದ ಉಪ್ಪಿಟ್ಟು! ಕೋಣೆಯಲ್ಲಿ ಎಡೆಗೆ ಹಾಕಿದ್ದ ಎಲೆಯ ನಡುವೆ ಅದನ್ನು ಗುಡ್ಡದಂತೆ ಬಡಿಸಿ, ಪಕ್ಕದಲ್ಲಿ ಮರಸೇಬಿನ ಬುಟ್ಟಿ ಇಡಲು ಬಗ್ಗಿದೆ.

"ಇದ್ಯಾರಿಗಪ್ಪಾ ಈ ಹಣ್ಣು?" ಎಂದರು ಅತ್ತೆ.

"ನಿಮ್ ಮಗಳಿಗೆ ಅತ್ತೆ. ಪಾಪ, ಹಣ್ಣೆಲ್ಲ ನಂಗೆ ಕೊಟ್ಟು, ಇರೋವರ್ಗೂ ಕಾಯಿ ತಿಂದ್ಲು."

"ಅಯ್ಯೋ, ಅವಳೆಲ್ಲಿ ಹಣ್ಣು ಮುಟ್ತಿದ್ಲು! ಚಿಕ್ಕೋಳಿದ್ದಾಗಿಂದ್ಲೂ ಕಾಯೇ ಆಗ್ಬೇಕು, ಉಪ್ಪು ಖಾರ ಹಾಕ್ಕೊಂಡು. ಮೆತ್ತಗಾಗಿದ್ದನ್ನೆಲ್ಲ ನಮ್ಮನೇಲಿ ಹಸೂಗೆ ಹಾಕ್ಬಿಡ್ತಿದ್ಲು."

ಹಸುವಿಗೆ! ಮದುವೆಯಾದ ಮೇಲೆ ಆ ಹಸುವಿನ ಜಾಗಕ್ಕೆ ಬಂದವನು ನಾನು!

ನಗು ಬಂತು. ಅದು ಅರ್ಧಕ್ಕೇ ನಿಂತಿತು. ಇಷ್ಟ ಎಂದು ಅವಳು ಬಾಯಿಬಿಟ್ಟು ಹೇಳಿದ್ದನ್ನೂ ನಾನು ಕೇಳಿಸಿಕೊಂಡಿರಲಿಲ್ಲ. ಈಗ ಎಡೆಗೆ ಒಂದೇ ಒಂದು ಕಾಯಿ ಬೇಕು. ಮರ ಬೋಳು. ಮನೆಯಲ್ಲಿ ಒಂದೂ ಉಳಿಯದಂತೆ ನಾನೇ ನೋಡಿಕೊಂಡಿದ್ದೆ! ಬುಟ್ಟಿ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಕಣ್ಣು ತುಂಬಿಕೊಂಡಿತು.

ಮೋನಿಷಾ ಒಳಗೆ ಹೋಗಿ ತನ್ನ ಕಾಲೇಜ್ ಬ್ಯಾಗಿನಿಂದ ಹಸಿರು ಮರಸೇಬೊಂದನ್ನು ತಂದಳು.

"ಒಂದಷ್ಟು ಎತ್ತಿಟ್ಕೊಂಡಿದ್ದೆ. ಇದೊಂದು ಉಳ್ದಿದೆ. ನಂಗೂ ಕಾಯೇ ಇಷ್ಟ ಅಪ್ಪಾ. ನಾನೂ ಅಮ್ಮನೂ ಒಟ್ಟಿಗೇ ತಿಂತಿದ್ವಿ."

ಅತ್ತೆ ಅದನ್ನು ಹೆಚ್ಚಿ, ಉಪ್ಪು ಖಾರ ಸವರಿ ಎಲೆಗಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ತೀರಿಕೊಂಡವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಹಾಕಿ ಮೂವರೂ ಹೊರಗೆ ಕೂತೆವು.

"ಮಗಾ, ನಿಂಗೆ ಇನ್ನೇನೇನು ಇಷ್ಟ ಹೇಳು. ನಂಗೊಂದೂ ಗೊತ್ತಿಲ್ಲ" ಎಂದೆ.

ಅವಳು ಅಜ್ಜಿಯ ಮುಖ ನೋಡಿದಳು. "ಇಷ್ಟ ಇಲ್ದಿದ್ದು ಹೇಳ್ಲಾ? ನಿನ್ ಉಪ್ಪಿಟ್ಟು. ಅಮ್ಮಂಗೂ ಆಗ್ತಿರ್ಲಿಲ್ಲ. ನೀನು ಆಸೆಯಿಂದ ಮಾಡ್ತೀಯ ಅಂತ ಕಣ್ಮುಚ್ಕೊಂಡು ನುಂಗ್ತಿದ್ಲು."

ಹಾಗಾದರೆ ತ್ಯಾಗ ಇತ್ತು! ನಾನು ಹುಡುಕಿದ ಕಡೆ ಇರಲಿಲ್ಲ, ಅಷ್ಟೇ. ಒಳಗೆ ಎಲೆಯ ನಟ್ಟನಡುವೆ ಕೂತಿದ್ದ ಗುಡ್ಡ ನೆನಪಾಗಿ ಬಾಗಿಲಿನತ್ತ ಧಾವಿಸಿದೆ. ಅತ್ತೆ ಕೈ ಹಿಡಿದು ಜಗ್ಗಿ ಕೂರಿಸಿದರು.

"ಎಡೆ ಇಟ್ಮೇಲೆ ಮಧ್ಯದಲ್ಲಿ ಬಾಗ್ಲು ತೆಗೀಬಾರ್ದು ಕಣಪ್ಪಾ. ತಿಂತಾಳೆ ಬಿಡು. ಅವಳಿಗೆ ಅಭ್ಯಾಸ ಆಗಿದೆ."