ಕರುಣಾಕರರ ದೊಡ್ಡ ಡಿಸ್ಕು

ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೋವರೆಗೂ ಕರುಣಾಕರರ ಸಿಟ್ಟು ಇಳಿಯಲಿಲ್ಲ. ಮನೆ ಹೊಕ್ಕವರು ಶೂ ಬಿಚ್ಚುವ ಮೊದಲೇ ಶುರು ಮಾಡಿದರು.

“ಟಾಯ್ಲೆಟ್ ಬಾಗಿಲ ಹತ್ರ ಇಟ್ಟಿದ್ದಾರೆ ಮಾರಾಯ್ತಿ! ಲೇಸರ್ ಡಿಸ್ಕನ್ನು!”

ಲಾಸ್ ಏಂಜಲೀಸ್‌ನ ಅಂಗಡಿಯೊಂದರಿಂದ ಅವರು ಜಪಾನಿ ಕಾರ್ಟೂನ್ ಸಿನಿಮಾಗಳ ಲೇಸರ್ ಡಿಸ್ಕುಗಳನ್ನು ತರುತ್ತಿದ್ದರು. ಒಂದೊಂದು ಡಿಸ್ಕೂ ಊಟದ ತಟ್ಟೆಯಷ್ಟಗಲ. ಈ ಸಲ ನೋಡಿದರೆ ಅಂಗಡಿಯ ಮುಂಭಾಗವನ್ನೆಲ್ಲ ಡಿವಿಡಿ ಎಂಬ ಅಂಗೈಯಗಲದ ಬಿಲ್ಲೆಗಳು ಆಕ್ರಮಿಸಿದ್ದವು. ದೊಡ್ಡದನ್ನು ಈಗ ನಿಮ್ಮನ್ನು ಬಿಟ್ಟು ಯಾರೂ ಕೊಳ್ಳುವುದಿಲ್ಲ ಎಂದನಂತೆ ಅಂಗಡಿಯವನು. (ಅದನ್ನು ಅವನು ನಗುತ್ತಾ ಹೇಳಿದ ಎಂಬುದೇ ಕರುಣಾಕರರ ಮುಖ್ಯ ಆಕ್ಷೇಪ.)

“ತುಂಬ ಮಾರಾಟ ಆದ ಕೂಡ್ಲೆ ಒಳ್ಳೇದಾಗ್ತದಾ? ಈ ಜನಕ್ಕೆ ಎಂತ ಗೊತ್ತುಂಟು?”

ಹೆಂಡತಿ ಜಲಜಾಕ್ಷಿ ಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. “ಅಂಗಡಿಯವನೇ ಕಪಾಟು ಖಾಲಿ ಮಾಡಿದ. ನೀವು ಯಾವಾಗ ಮಾಡುದು? ಚೌತಿ ಬಂತು. ದೇವರಿನ್ನೂ ಟವೆಲ್ ಮಧ್ಯ ಕೂತಿದ್ದಾರೆ.”

ಅದು ನಿಜ. ಹಾಲ್‌ನಲ್ಲಿದ್ದ ಏಕಮಾತ್ರ ಒಳ್ಳೆಯ ಕಪಾಟಿನಲ್ಲಿ ಡಿಸ್ಕುಗಳ ರೂಪದಲ್ಲಿ ಜಪಾನಿನ ಯಂತ್ರಮಾನವರು ವಿರಾಜಮಾನರಾಗಿದ್ದರು. ಉಡುಪಿಯಿಂದ ಬಂದ ದೇವರು ಬಾತ್‌ರೂಮ್ ಪಕ್ಕದ ಟವೆಲ್ ಕಪಾಟಿನಲ್ಲಿದ್ದರು. ದಿನವೂ ಟವೆಲ್ ಸರಿಸಿ ಆರತಿ ಎತ್ತುವಾಗ ಜಲಜಾಕ್ಷಿಗೆ ಹೊಟ್ಟೆ ಉರಿಯುತ್ತಿತ್ತು.

“ಆಯ್ತು, ಪರೀಕ್ಷೆ ಆಗಿಯೇ ಹೋಗ್ಲಿ!” ಕರುಣಾಕರರು ಗರ್ಜಿಸಿದರು. “ನಮ್ಮ ಮೆಷಿನ್‌ನಲ್ಲಿ ಎರಡೂ ಓಡ್ತದೆ. ಯಾವುದು ಬೇಕಾದ್ರೂ ಹಾಕು, ಹೇಳ್ಬೇಡ. ನಾನು ಚಿತ್ರ ನೋಡಿಯೇ ಹೇಳ್ತೇನೆ. ತಪ್ಪಿದ್ರೆ ಕಪಾಟು ನಿನ್ನ ದೇವರಿಗೆ!”

ಶನಿವಾರ ಸಾಕ್ಷಿಯಾಗಿ ಗೆಳೆಯ ಗೋಪಿನಾಥ್ ಬಂದರು. ಕರುಣಾಕರರ ಬಳಿಯಿದ್ದ ಸಿನಿಮಾವೊಂದರ ಡಿವಿಡಿಯನ್ನೂ ತಂದಿದ್ದರು. ಕರುಣಾಕರರು ಗೋಡೆಗೆ ಮುಖ ಮಾಡಿ ನಿಂತರು, ಜಲಜಾಕ್ಷಿ ಡಿಸ್ಕ್ ಹಾಕಿದಳು. ಚಿತ್ರ ಮೂಡಿತು, ಕರುಣಾಕರರು ತಿರುಗಿ ನೋಡಿ ಕಣ್ಣರಳಿಸಿದರು.

“ಆಹಾ! ಆ ಕೆಂಪು ನೋಡಿ ಗೋಪಿನಾಥ್! ಇದು ದೊಡ್ಡದೇ, ಸಂಶಯವೇ ಇಲ್ಲ. ಆ ಚಿಲ್ಲರೆ ಬಿಲ್ಲೆಯಲ್ಲಿ ಈ ಗಾಂಭೀರ್ಯ ಉಂಟಾ?”

ಸಿನಿಮಾ ಮುಗಿಯುವವರೆಗೂ ಅವರ ಪ್ರವಚನ ನಡೆಯಿತು. ಗೋಪಿನಾಥ್ ಚಕ್ಕುಲಿ ಕಡಿಯುತ್ತಾ ತಲೆಯಾಡಿಸಿದರು. ಕೊನೆಗೆ ಕೈ ಒರೆಸಿಕೊಂಡು ಕೇಳಿದರು:

“ಅಲ್ಲಾ ಸಾರ್, ಹೋದ್ಸಲ ದೊಡ್ಡದು ಹಾಕಿದಾಗ ಪಿಕ್ಚರ್ ಮಧ್ಯದಲ್ಲಿ ನಿಂತೋಯ್ತು. ಜಲಜಾಕ್ಷಿಯವ್ರು ಎದ್ದು ದೋಸೆ ಮಗುಚಿದಂಗೆ ಡಿಸ್ಕ್ ಮಗುಚಿ ಹಾಕಿದ್ರು. ಇವತ್ತು ಯಾರೂ ಏಳ್ಲೇ ಇಲ್ವಲ್ಲ?”

ಜಲಜಾಕ್ಷಿ ಮೆಷಿನ್‌ನಿಂದ ಅಂಗೈಯಗಲದ ಬಿಲ್ಲೆಯನ್ನು ತೆಗೆದು ತೋರಿಸಿದಳು.

“ಮೋಸ!” ಎಂದರು ಕರುಣಾಕರರು. ಯಾರ ಮೋಸವೆಂದು ಅವರಿಗೂ ಹೊಳೆಯಲಿಲ್ಲ. ಅಂದೇ ಯಂತ್ರಮಾನವರು ಟವೆಲ್‌ಗಳ ಪಕ್ಕಕ್ಕೆ ಹೋದರು.

ಚೌತಿಯ ದಿನ ಮನೆ ತುಂಬ ಜನ. ಹಾಲ್‌ನ ಕಪಾಟಿನಲ್ಲಿ ಗಣಪತಿ ಕೂತಿದ್ದ. ಅವನ ಬೆನ್ನ ಹಿಂದೆ ಏಳು ಬಣ್ಣ ಚಿಮ್ಮಿಸುವ ಪ್ರಭಾವಳಿ. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಕರುಣಾಕರರು ಹತ್ತಿರ ಹೋಗಿ ನೋಡಿದರು. ಅವರ ಪ್ರಾಣಕ್ಕೆ ಸಮವಾದ ಲೇಸರ್ ಡಿಸ್ಕು!

“ಚಿಕ್ಕದನ್ನು ಇಟ್ಟು ನೋಡಿದೆ,” ಜಲಜಾಕ್ಷಿ ಎಲ್ಲರೆದುರೇ ಹೇಳಿದಳು. “ಗಣಪತಿಯ ಕಿವಿಯನ್ನೂ ದಾಟುದಿಲ್ಲ. ನೀವು ಹೇಳಿದ್ದೇ ಸರಿ, ದೊಡ್ಡದೇ ಒಳ್ಳೇದು.”

ಇಷ್ಟು ವರ್ಷ ಕಾದಿದ್ದ ಮಾತು. ಕೇಳಿ ಸಂತೋಷಪಡಲೂ ಆಗದೆ, ಕರುಣಾಕರರು ಡಿಸ್ಕಿಗೆ ಕೈ ಮುಗಿದರು.