ಹಳೆಯ ಆಕಾರ ಮರೆಯದ ತಂತಿ

ದೆವ್ವ ಭೂತಗಳನ್ನು ನಾನು ನಂಬುವವನಲ್ಲ. ಆದರೆ ಜಮಖಂಡಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ನಾನು ಪರೀಕ್ಷಿಸುವ ತಂತಿಗಳು ಆಗಾಗ ನನ್ನ ನಂಬಿಕೆ ಅಲ್ಲಾಡಿಸುತ್ತಲೇ ಇರುತ್ತವೆ. ನಿಕಲ್, ಟೈಟೇನಿಯಂ ಬೆರೆತ ಈ ತಂತಿಗೆ ತನ್ನ ಆಕಾರದ ನೆನಪಿರುತ್ತದೆ. ತಣ್ಣಗಿದ್ದಾಗ ಬೇಕಾದಂತೆ ಬಾಗಿಸಿ, ಎಳೆಯಿರಿ. ಬಿಸಿ ತಾಗಿತೋ, ಮೊದಲಿದ್ದಂತೆ ಆಗಿಬಿಡುತ್ತದೆ.

೧. ಮೇಲೇರಿದ ತೂಕ

ಬೇಸಿಗೆಯ ಮಧ್ಯಾಹ್ನ. ಕರೆಂಟ್ ಹೋಗಿತ್ತು. ಎಳೆದು ಉದ್ದ ಮಾಡಿದ ತಂತಿಗೆ ಕಬ್ಬಿಣದ ತೂಕ ನೇತುಹಾಕಿ, ಕೋಣೆಗೆ ಕೀಲಿ ಹಾಕಿ ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ನಮ್ಮ ಸಿಪಾಯಿ ಕಿಟಕಿಯ ಪಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಾನೆ.

"ಸರ್, ಒಳಗ ಯಾರೂ ಇಲ್ಲ. ಆದ್ರ ತೂಕ ಮ್ಯಾಲ ಹೊಂಟೈತ್ರಿ."

ಇಣುಕಿದೆ. ಖರೆ. ಗಾಳಿಯಿಲ್ಲ, ಸದ್ದಿಲ್ಲ. ಕಾಣದ ಕೈಯೊಂದು ಎತ್ತಿದಂತೆ ತೂಕ ನಿಧಾನವಾಗಿ ಏರುತ್ತಿತ್ತು. ಆ ಉರಿಬಿಸಿಲಿನಲ್ಲೂ ನನ್ನ ಬೆನ್ನಿಗೆ ಚಳಿ ಹತ್ತಿತು. ಆಮೇಲೆ ಹೊಳೆಯಿತು: ಕಿಟಕಿಯ ಬಿಸಿಲು ನೇರ ತಂತಿಯ ಮೇಲೆ ಬಿದ್ದು, ಕಾದ ತಂತಿ ಮೊದಲಿನಷ್ಟೇ ಗಿಡ್ಡಾಗುತ್ತಿತ್ತು. ಅವನಿಗೆ ವಿವರಿಸಿದೆ. ದೊಡ್ಡದೊಂದು ಉಸಿರು ಬಿಟ್ಟು ಅಂದ:

"ಕರೆಂಟ್ ಇಲ್ಲದಾಗೂ ಕೆಲಸ ಮಾಡೂದು ಈ ಕಾಲೇಜಿನ್ಯಾಗ ಅದೊಂದ ನೋಡ್ರಿ!"

೨. ನಾಡಿ

ತಂತಿಗೂ ದಣಿವಾಗುತ್ತದೆ. ಯಂತ್ರ ಅದನ್ನು ಎಳೆದು ಬಿಡುತ್ತದೆ, ಎಳೆದು ಬಿಡುತ್ತದೆ. ಮೇಲೆ ಏನೂ ಕಾಣದು. ಬಿರುಕು ಒಳಗೊಳಗೇ ಬೆಳೆದು ತಂತಿ ಒಮ್ಮೆಲೇ ಹರಿಯುತ್ತದೆ. ಎಷ್ಟು ತಾಳುತ್ತದೆಂದು ನೋಡುವುದೇ ನನ್ನ ಕೆಲಸ. ಯಂತ್ರದ ಸದ್ದು ಮಾತ್ರ ಥೇಟ್ ಕಾಯಿಲೆಯವರ ಉಸಿರು.

ಒಮ್ಮೆ ಆಡಳಿತ ಮಂಡಳಿಯ ಹಿರಿಯರೊಬ್ಬರು, ಮುಧೋಳದ ಡಾಕ್ಟರು, ನೋಡಲು ಬಂದರು. "ಮುಟ್ಟಲೇನ?" ಎಂದು ತಂತಿಯ ಮೇಲೆ ಬೆರಳಿಟ್ಟರು.

"ಏನಪಾ ಇದು, ಬೆಚ್ಚಗೈತಿ!"

ಯಂತ್ರ ತಂತಿಯನ್ನು ಸಡಿಲಬಿಟ್ಟಿತು. ಅವರ ಮುಖ ಬದಲಾಯಿತು. "ಈಗ ತಣ್ಣಗಾತು. ಹೆಣ ಮುಟ್ಟಿದಂಗ ಆತಲ್ಲೋ!"

ಎಳೆದಾಗ ಬಿಸಿ, ಬಿಟ್ಟಾಗ ತಂಪು, ಅದು ಈ ತಂತಿಯ ಗುಣ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಟಣ್ ಎಂದು ತಂತಿ ಹರಿಯಿತು. ಯಂತ್ರ ತಾನಾಗಿ ನಿಂತಿತು. ಉಸಿರಿನ ಸದ್ದೂ ಇಲ್ಲ. ಡಾಕ್ಟರು ಕೈ ಹಿಂದೆಳೆದುಕೊಂಡು ಪಿಸುಗುಟ್ಟಿದರು:

"ನಾ ಇನ್ನೂ ಔಷಧ ಕೊಟ್ಟಿಲ್ಲಪಾ, ನಾಡಿ ಅಷ್ಟ ಹಿಡದಿದ್ದೆ!"

೩. ಬಚ್ಚಲ ಬಾಗಿಲು

ಬನಹಟ್ಟಿಯ ನಮ್ಮ ಸೋದರತ್ತೆಯ ಮನೆಗೆ ಹೊಸ ಅಳಿಯ ಬೀಗರೊಡನೆ ಮೊದಲ ಸಲ ಬಂದಿದ್ದರು. ಉಪಚಾರದಲ್ಲಿ ಕೂದಲೆಳೆಯಷ್ಟು ಕೊರತೆಯಾದರೂ ಮಗಳು ಗಂಡನ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆಂದು ಅತ್ತೆಗೆ ದಿಗಿಲು. ಅದರಲ್ಲೂ ಆ ಬಚ್ಚಲು! ಅಜ್ಜಿ ಅಲ್ಲೇ ಜಾರಿಬಿದ್ದು ತೀರಿಕೊಂಡಾಗಿನಿಂದ ಮನೆಯವರೇ ಅಂಜುತ್ತ ಹೋಗುತ್ತಿದ್ದರು; ಆ ಸುದ್ದಿ ಅಳಿಯನ ಕಿವಿಗೂ ಬಿದ್ದಿತ್ತು. ಮೇಲಾಗಿ ಒಳಚಿಲಕ ಮುರಿದಿತ್ತು. ನಾನೊಮ್ಮೆ ತೋರಿಸಲು ಒಯ್ದು ಬಿಟ್ಟುಬಂದಿದ್ದ ತಂತಿಯನ್ನು ಅತ್ತೆ ಕೊಕ್ಕೆಯಂತೆ ಬಾಗಿಸಿ ಚಿಲಕ ಮಾಡಿದ್ದರು. ಅದು ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಅಳಿಯ ಜಳಕಕ್ಕೆ ಹೋದರು. ನಾವೆಲ್ಲ ಪಡಸಾಲೆಯಲ್ಲಿ ಬೀಗರೊಡನೆ ಅವಲಕ್ಕಿ ತಿನ್ನುತ್ತಿದ್ದೆವು. ಎದುರಿನ ಬಚ್ಚಲ ಬಾಗಿಲು ಕಿರ್ರೆಂದು ತೆರೆಯತೊಡಗಿತು. ಒಳಗೆ ಬರೀ ಹಬೆ.

"ಬಾಗಲಾ ಯಾರ್ ತಗದ್ರಿ?" ಹಬೆಯೊಳಗಿಂದ ಕೂಗು.

ಯಾರೂ ಎದ್ದಿರಲಿಲ್ಲ. ಅತ್ತೆ ನಡುಗುವ ದನಿಯಲ್ಲಿ, "ಯಾರೂ ತಗದಿಲ್ರಿ... ತಾನ ತಗೀತು" ಎಂದರು.

ಅಷ್ಟೇ. ಮೈತುಂಬ ಸೋಪು, ಅಡ್ಡ ಹಿಡಿದ ತಂಬಿಗೆಯೊಂದೇ ಮರ್ಯಾದೆ. ಅಳಿಯ ಓಡಿಬಂದು ನಮ್ಮೆಲ್ಲರ ನಡುವೆ ನಿಂತುಬಿಟ್ಟರು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ನಾನು ಎದೆ ಗಟ್ಟಿ ಮಾಡಿಕೊಂಡು ಹೋಗಿ ನೋಡಿದೆ. ಬಾಗಿಲಲ್ಲಿ ಕೊಕ್ಕೆಯಿಲ್ಲ, ನೆಟ್ಟಗಿನ ತಂತಿ!

"ದೆವ್ವ ಅಲ್ಲ ಅತ್ತಿ, ನನ್ನ ತಂತಿ. ಬಿಸಿನೀರು ಸಿಡಿದು ನೆಟ್ಟಗಾಗೇತಿ. ಅದಕ್ಕ ಹಿಂದಿಂದೆಲ್ಲಾ ನೆನಪಿರತೈತಿ!"

ಅತ್ತೆ ಸೆರಗು ತೆಗೆಯದೆಯೇ ಅಂದರು: "ಅದಕ್ಕ ನೆನಪಿರಲಿ ಬಿಡೋ. ಇವತ್ತ ನೋಡಿದ್ದು ನಾವು ಮರಿಯೂದು ಹೆಂಗ, ಅದನ್ನ ಹೇಳು!"