ನಾಲಿಗೆಗೊಂದು ಬೀಗ

ಯಾರನ್ನು ಬೇಕಾದರೂ ಒಪ್ಪಿಸುವ ಶಕ್ತಿ ಸಿಕ್ಕಿದವನು ನೆಮ್ಮದಿಯಾಗಿರುತ್ತಾನೆ ಎಂದು ನೀವು ತಿಳಿದಿರಬಹುದು. ನನಗೆ ಸಿಕ್ಕಿತ್ತು. ಅದಕ್ಕೇ ಹೇಳುತ್ತೇನೆ, ಊಟ ನಿದ್ದೆ ಎರಡೂ ಕೆಡುತ್ತವೆ. ನಾನು ಕೂಸಾಗಿದ್ದಾಗ ಮಠದ ಅಯ್ಯನವರೊಬ್ಬರು ನನ್ನ ನಾಲಿಗೆಗೆ ಜೇನು ಸವರಿ, "ಇವನ ಮಾತು ಯಾರೂ ಮೀರಲ್ಲ ಬಿಡಿ" ಅಂದರಂತೆ. ಹಾಗೆಯೇ ಆಯಿತು. ಕಡೂರಿನ ಕಚೇರಿಯಲ್ಲಿ ನಾನು ಗುಮಾಸ್ತ. ರಜೆ ಇಲ್ಲ ಎಂದು ಪೆನ್ನಿನ ಮುಚ್ಚಳ ಹಾಕಿದ ಅಮಲ್ದಾರರು ನಾನು ಎದುರಿಗೆ ನಿಂತು ಅರ್ಧ ಗಂಟೆ ಮಾತಾಡಿದರೆ ಮುಚ್ಚಳ ತೆಗೆದು ರುಜು ಹಾಕುತ್ತಿದ್ದರು. ಪಂಚನಹಳ್ಳಿಯ ಬಸ್ಸು ನಾನು ಮರೆತ ಕೊಡೆಗಾಗಿ ಒಮ್ಮೆ ಹಿಂದಕ್ಕೆ ತಿರುಗಿದ್ದೂ ಉಂಟು. "ಶಕ್ತಿಯೂ ಇಲ್ಲ ಮಣ್ಣೂ ಇಲ್ಲ ಕಣ್ರೀ, ನೀವು ಮಾತು ನಿಲ್ಲಿಸಿದ್ರೆ ಸಾಕು ಅಂತ ಒಪ್ಕೋತಾರೆ" ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅವಳಿಗೆ ಅಯ್ಯನವರ ಮೇಲೆ ಅಷ್ಟಾಗಿ ಭಕ್ತಿ ಇರಲಿಲ್ಲ.

ಶಕ್ತಿ ಇದ್ದ ಮೇಲೆ ಜವಾಬ್ದಾರಿಯೂ ಬೇಕು ಎಂದು ನನಗೆ ಹೊಳೆದದ್ದು ಪಕ್ಕದ ಮನೆಯ ಟೈಲರ್ ಖಾದರ್ ಸಾಹೇಬರ ಮೀಸೆಯಿಂದ. ಮೀಸೆ ತೆಗೆದರೆ ನೀವು ಹತ್ತು ವರ್ಷ ಚಿಕ್ಕವರಾಗುತ್ತೀರಿ ಎಂದು ಒಂದು ಭಾನುವಾರ ಸುಮ್ಮನೆ ಹೇಳಿದೆ. ಸಂಜೆಗೆ ಮೀಸೆ ಇರಲಿಲ್ಲ. ಅವರ ಮೊಮ್ಮಗಳು ಅಜ್ಜನ ತೊಡೆಗೆ ಬರಲು ಹೆದರಿ ಬಾಗಿಲ ಹಿಂದೆ ನಿಂತು ಅಳುತ್ತಿತ್ತು. ಖಾದರ್ ಸಾಹೇಬರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಆವತ್ತಿನಿಂದ ಇನ್ನೊಬ್ಬರ ಮೀಸೆ, ಮನೆ, ಮದುವೆ ಈ ಮೂರರ ತಂಟೆಗೆ ನಾಲಿಗೆಯನ್ನು ಕಳಿಸುವುದಿಲ್ಲ ಎಂದು ಆಣೆ ಮಾಡಿದೆ. ಆಣೆ ಮಾಡಿದ್ದು ಸುಲಭ, ಆದರೆ ನಾಲಿಗೆ ದಿನವಿಡೀ ತುರಿಸುತ್ತಿತ್ತು.

ಹೀಗಿರುವಾಗ, ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ಅಕ್ಕನ ಊರಾದ ಶಿವನಿಯಿಂದ ಒಂದೇ ದಿನ ಎರಡು ಕಾಗದ ಬಂದವು. ಒಂದು ನನ್ನ ಅಕ್ಕನದು. ಮಗಳು ಗಿರಿಜೆಗೆ ತರೀಕೆರೆಯ ಒಳ್ಳೆ ಸಂಬಂಧ ಬಂದಿದೆ, ಹುಡುಗಿ ಹಟ ಹಿಡಿದಿದ್ದಾಳೆ, ಸೋದರಮಾವ ನೀನು ಬಂದು ಎರಡು ಮಾತು ಹೇಳಿದರೆ ಒಪ್ಪುತ್ತಾಳೆ. ಇನ್ನೊಂದು ಗಿರಿಜೆಯ ಕಾರ್ಡು: "ಮಾವ, ನನಗೆ ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕಿದೆ. ನೀವು ಬನ್ನಿ, ಆದರೆ ದಯವಿಟ್ಟು ಬಾಯಿ ಬಿಡಬೇಡಿ."

ರೈಲಿನಲ್ಲಿ ನನಗೆ ಕೂರಲಾಗಲಿಲ್ಲ. ಬೀರೂರಿನಲ್ಲಿ ಇಳಿದೆ, ಹತ್ತಿದೆ. ಅಜ್ಜಂಪುರದಲ್ಲಿ ಬಾಗಿಲಲ್ಲಿ ನಿಂತೆ. ಹುಡುಗಿಯ ಬದುಕು ನನ್ನ ಹಲ್ಲುಗಳ ಹಿಂದೆ ಇದೆ ಎನಿಸಿ ನಿಜಕ್ಕೂ ಹೆದರಿಕೆಯಾಯಿತು. ಬಾಯಿ ತೆರೆದರೆ ಅವಳು ಒಪ್ಪಿಬಿಡುತ್ತಾಳೆ. ತೆರೆಯದಿದ್ದರೆ ಅಕ್ಕ ನನ್ನನ್ನು ಬಿಡುವುದಿಲ್ಲ.

ಮನೆಯಲ್ಲಿ ಗಂಡಿನ ಕಡೆಯವರು ಆಗಲೇ ಚಾಪೆಯ ಮೇಲೆ ಕೂತಿದ್ದರು. ನಾನು ಕೂತ ತಕ್ಷಣ ಅಕ್ಕ, "ಹೇಳಪ್ಪಾ, ನೀನೇ ಹೇಳು ಅವಳಿಗೆ" ಎಂದಳು. ಎಲ್ಲರೂ ನನ್ನ ಬಾಯನ್ನೇ ನೋಡಿದರು. ಒಳಗೆ ಮಾತು ಉಕ್ಕುತ್ತಿತ್ತು. ತಡೆಯಲು ಏನಾದರೂ ಬೇಕಿತ್ತು. ಎದುರಿಗೆ ತಟ್ಟೆಯಲ್ಲಿ ಎಲೆ ಅಡಿಕೆ ಇತ್ತು. ಎಂದೂ ಎಲೆ ಹಾಕದ ನಾನು ಐದು ಎಲೆಯನ್ನು ಸುಣ್ಣ ಸಮೇತ ಒಟ್ಟಿಗೆ ಮಡಿಸಿ ಬಾಯಿಗೆ ತುರುಕಿಕೊಂಡೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಸಕ್ಕರೆ ತರಲು ಒಳಗೆ ಓಡಿದಳು. ಗಂಡಿನ ತಂದೆ ನನ್ನ ಕೈ ಹಿಡಿದು, "ಆಯ್ತು ಬಿಡಿ, ಇನ್ನೇನೈತೆ ಮಾತು!" ಎಂದರು. ಆಗ ನನಗೆ ಜ್ಞಾಪಕ ಬಂತು. ಗಂಡಿನವರು ತಂದಿಟ್ಟ ವೀಳ್ಯವನ್ನು ಹುಡುಗಿಯ ಸೋದರಮಾವ ಬಾಯಿಗೆ ಹಾಕಿಕೊಂಡರೆ ನಮ್ಮವರಲ್ಲಿ ಹೆಣ್ಣು ಕೊಟ್ಟ ಹಾಗೆ. ಹುಟ್ಟಿದಾಗಿನಿಂದ ಮಾತಾಡಿ ಇಷ್ಟು ಬೇಗ ಯಾರನ್ನೂ ನಾನು ಒಪ್ಪಿಸಿರಲಿಲ್ಲ.

ಬೇಡ ಬೇಡ ಎಂದು ಕೈಯಾಡಿಸಿದೆ, ಸಂಕೋಚ ಅಂದುಕೊಂಡರು. ಮಾತಾಡಲು ಹೋಗಿ ಸುಣ್ಣ ಗಂಟಲಿಗಿಳಿದು ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬಂತು, ಅದನ್ನೂ ಆನಂದ ಅಂದುಕೊಂಡರು. ಆಗ ಗಿರಿಜೆ ಅಡುಗೆಮನೆಯ ಬಾಗಿಲಿಂದ ಮುಂದೆ ಬಂದು ನಿಂತಳು.

"ನಮ್ಮ ಮಾವ ಎಲೆ ಹಾಕ್ಕೊಂಡಿದ್ದು ಒಪ್ಪಿ ಅಲ್ಲ, ಮಾತಾಡಲ್ಲ ಅಂತ. ನಾನೇ ಹಾಗಂತ ಬರೆದಿದ್ದೆ. ನಾನು ಓದ್ಬೇಕು. ಈಗ ಮದುವೆ ಬೇಡ ನಂಗೆ."

ಇಷ್ಟೇ. ಗಂಡಿನ ತಂದೆ ಅವಳನ್ನು ನೋಡಿದರು, ತಟ್ಟೆಯನ್ನು ನೋಡಿದರು. "ಮೊದ್ಲೇ ಹೇಳ್ಬಾರ್ದಿತ್ತೇನವ್ವಾ?" ಎನ್ನುತ್ತಾ ಉಳಿದ ಎಲೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಅಕ್ಕ ಸಕ್ಕರೆ ಬಟ್ಟಲು ಹಿಡಿದುಕೊಂಡೇ ಬಾಗಿಲಲ್ಲಿ ಕೂತುಬಿಟ್ಟಳು.

ಸ್ಟೇಷನ್ನಿನವರೆಗೆ ಗಿರಿಜೆ ಕಳಿಸಲು ಬಂದಳು. "ನೋಡಿದ್ಯೇನೇ, ನಿನಗೋಸ್ಕರ ನನ್ನ ಶಕ್ತೀನ ಹೇಗೆ ತಡೆದೆ?" ಎಂದೆ.

"ಮಾವ, ನಾನು ಹಾಗೆ ಬರೆದಿದ್ದು ನೀವು ಒಪ್ಪಿಸ್ತೀರಿ ಅನ್ನೋ ಹೆದರಿಕೆಗಲ್ಲ" ಎಂದಳು ಅವಳು. "ನೀವು ಶುರು ಮಾಡಿದ್ರೆ ನನಗೆ ಮಾತಾಡೋಕೆ ಸಂದು ಸಿಕ್ಕಲ್ಲ, ಅದಕ್ಕೆ."

ಇದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿತ್ತು, ಅರ್ಧ ಗಂಟೆಯದು. ರೈಲು ಬಂದುಬಿಟ್ಟಿತು. ಅಜ್ಜಂಪುರದವರೆಗೆ ಬಾಯಿ ಮುಚ್ಚಿಕೊಂಡು, ಅವಳ ಮಾತನ್ನೇ ಮೆಲುಕು ಹಾಕುತ್ತಾ ಕೂತೆ. ಅಲ್ಲಿ ಹತ್ತಿದವರೊಬ್ಬರು ಎದುರಿಗೆ ಕೂತು ಕಿಟಕಿ ಎತ್ತಿದರು, ಇಂಜಿನ್ನಿನ ಮಸಿ ಒಳಗೆ ಬರತೊಡಗಿತು. ಕಿಟಕಿ ಇಳಿಸುವುದರ ಲಾಭಗಳನ್ನು ಅವರಿಗೆ ವಿವರಿಸಲು ಶುರು ಮಾಡಿದೆ. ಬೀರೂರು ಬರುವಷ್ಟರಲ್ಲಿ ಅವರು ಎದ್ದು ಬೇರೆ ಡಬ್ಬಿಗೆ ಹೋದರು. ಕಿಟಕಿ ನಾನೇ ಇಳಿಸಿಕೊಂಡೆ.